ಅಪ್ಪ ಕೊಲೆ ಮಾಡಿದ್ದಾನೆ, ಮಗನೂ ಹಾಗೇ ಆಗ್ತಾನಾ?

ಪ್ರಶ್ನೆ: ಡಾಕ್ಟರೇ, ನನಗೆ 31 ವರ್ಷ. ಹಾವೇರಿ ಜಿಲ್ಲೆಯ ಒಂದು ಊರಿನಲ್ಲಿದ್ದೇವೆ. ನಾಲ್ಕು ವರ್ಷದ ಹಿಂದೆ ನನ್ನ ಅಕ್ಕನನ್ನು ಭಾವನೇ ಕೊಂದ. ಕುಡಿತ, ಅನುಮಾನ, ದಿನಾ ಹೊಡೆತ, ಕೊನೆಗೆ ಅದು. ಭಾವ ಈಗ ಜೈಲಿನಲ್ಲಿದ್ದಾನೆ. ಆ ರಾತ್ರಿ ಅಕ್ಕನ ಮಗ ಅದೇ ಮನೆಯಲ್ಲಿದ್ದ. ಅವನಿಗಾಗ ಐದು ವರ್ಷ. ಬಾಗಿಲ ಹಿಂದೆ, ಅಕ್ಕಿ ಡಬ್ಬದ ಸಂದಿಯಲ್ಲಿ ಕೂತಿದ್ದವನನ್ನು ಪಕ್ಕದ ಮನೆಯವರು ಎತ್ತಿಕೊಂಡು ಬಂದರು. ಅವತ್ತಿನಿಂದ ನಮ್ಮ ಜೊತೆಗೇ ಇದ್ದಾನೆ. ಈಗ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಇನ್ನೂ ಹಾಸಿಗೆ ಒದ್ದೆ ಮಾಡ್ತಾನೆ. ಕುಕ್ಕರ್ ಸೀಟಿ ಹೊಡೆದರೆ ಕಿವಿ ಮುಚ್ಚಿಕೊಳ್ತಾನೆ. ಶಾಲೆಯಲ್ಲಿ ಒಬ್ಬ ಹುಡುಗನ ಕೈಗೆ ಕಂಪಾಸಿನಿಂದ ಚುಚ್ಚಿದ. ಹೋದ ತಿಂಗಳು ಹಿತ್ತಲಲ್ಲಿ ಬೆಕ್ಕಿನ ಮರಿಯನ್ನು ಗೋಡೆಗೆ ಎಸೆದ, ಅದು ಸತ್ತೇ ಹೋಯಿತು. ಯಾಕೋ ಹೀಗೆ ಮಾಡಿದೆ ಅಂದರೆ ಮಾತೇ ಇಲ್ಲ. ಸಂಜೆ ನೋಡಿದರೆ ತಾನೇ ಬಾಳೆಗಿಡದ ಬುಡದಲ್ಲಿ ಅದನ್ನು ಹೂತು ಮೇಲೊಂದು ಕಲ್ಲಿಟ್ಟಿದ್ದ. ನಮ್ಮನೆಯವರು ಬೆಲ್ಟ್ ತಗೊಂಡು ಹೊಡೆದರು. ಈಗಲೇ ಬಗ್ಗಿಸದಿದ್ದರೆ ಅಪ್ಪನ ಥರಾನೇ ಆಗ್ತಾನೆ ಅಂತಾರೆ. ಅತ್ತೆ ಅವನೆದುರೇ 'ಕೊಲೆಗಾರನ ರಕ್ತ' ಅಂತಾರೆ. ಹಾಸಿಗೆ ಒದ್ದೆ ಮಾಡೋದು, ಪ್ರಾಣಿ ಹಿಂಸೆ ಎರಡೂ ಇದ್ದರೆ ಮುಂದೆ ಸೀರಿಯಲ್ ಕಿಲ್ಲರ್ ಆಗ್ತಾರೆ ಅಂತ ಮೊಬೈಲಲ್ಲಿ ಒಂದು ವಿಡಿಯೊ ನೋಡಿದೆ. ನನಗೆ ಮೂರು ವರ್ಷದ ಮಗಳಿದ್ದಾಳೆ. ರಾತ್ರಿ ನಿದ್ದೆ ಇಲ್ಲ. ಹಾಸ್ಟೆಲಿಗೆ ಹಾಕೋಣ ಅಂತ ನಮ್ಮನೆಯವರ ಹಟ. ಇವನು ನಿಜವಾಗಲೂ ಹಾಗೆ ಆಗ್ತಾನಾ? ನಾನೇನು ಮಾಡಲಿ?

ಉತ್ತರ: ನಿಮ್ಮ ನಿದ್ದೆ ಕೆಡಿಸಿರುವ ಪ್ರಶ್ನೆಗೇ ಮೊದಲು ಬರುತ್ತೇನೆ. ನೀವು ಬರೆದಿರುವುದನ್ನು ನೋಡಿ ಈ ಹುಡುಗ ಮುಂದೆ ಕೊಲೆಗಾರ ಆಗುತ್ತಾನೆ ಅಂತ ಹೇಳಲು ಯಾವ ಆಧಾರವೂ ಇಲ್ಲ. ಯಾರ ವಿಷಯದಲ್ಲೂ 'ಆಗುವುದೇ ಇಲ್ಲ' ಅಂತ ಸ್ಟಾಂಪ್ ಪೇಪರಿನ ಮೇಲೆ ಬರೆದುಕೊಡಲು ಯಾವ ಡಾಕ್ಟರಿಗೂ ಆಗುವುದಿಲ್ಲ, ಆ ಮಾತು ಬೇರೆ. ಆದರೆ ನಿಮ್ಮ ಪತ್ರದಲ್ಲಿ ನನಗೆ ಕಾಣುವುದು ತುಂಬಾ ಹೆದರಿರುವ ಒಂದು ಮಗು. ಆ ಹೆದರಿಕೆಗೆ ನಾಲ್ಕು ವರ್ಷದಿಂದ ಯಾವ ಚಿಕಿತ್ಸೆಯೂ ಸಿಕ್ಕಿಲ್ಲ.

ಆ ವಿಡಿಯೊದ ಕಥೆ ಮೊದಲು ಮುಗಿಸೋಣ. 1963ರಲ್ಲಿ ಅಮೆರಿಕದಲ್ಲಿದ್ದ ಮ್ಯಾಕ್‌ಡೊನಾಲ್ಡ್ ಎಂಬ ಮನೋವೈದ್ಯರು ಒಂದು ಲೇಖನ ಬರೆದರು. ಡೆನ್ವರ್ ನಗರದ ಆಸ್ಪತ್ರೆಯಲ್ಲಿ 'ಕೊಂದುಬಿಡ್ತೀನಿ' ಅಂತ ಬೆದರಿಕೆ ಹಾಕಿದ್ದ 100 ರೋಗಿಗಳನ್ನು ಅವರು ನೋಡಿದ್ದರು. ಅವರಲ್ಲಿ ಹೆಚ್ಚು ಕ್ರೂರಿಗಳು ಅನ್ನಿಸಿದ ಕೆಲವರ ಬಾಲ್ಯದಲ್ಲಿ ಮೂರು ಸಂಗತಿ ಕಂಡವು: ವಯಸ್ಸು ಮೀರಿದ ಮೇಲೂ ಹಾಸಿಗೆ ಒದ್ದೆ ಮಾಡುವುದು, ಬೆಂಕಿ ಹಚ್ಚುವುದು, ಪ್ರಾಣಿಗಳಿಗೆ ಹಿಂಸೆ ಕೊಡುವುದು. ಅಷ್ಟೇ. ಗಮನಿಸಿ, ಅವರು ಬೆದರಿಕೆ ಹಾಕಿದವರು, ಕೊಂದವರಲ್ಲ. ಹೋಲಿಸಿ ನೋಡಲು ಸಾಮಾನ್ಯ ಜನರ ಗುಂಪೂ ಇರಲಿಲ್ಲ. ಆಮೇಲೆ ಬಂದ ಅಧ್ಯಯನಗಳಲ್ಲಿ ಈ ಮೂರೂ ಸೇರಿದರೆ ಕೊಲೆಗಾರ ಅನ್ನುವ ಲೆಕ್ಕ ನಿಲ್ಲಲಿಲ್ಲ. ಹಾಸಿಗೆ ಒದ್ದೆಯಾಗುವುದಕ್ಕೂ ಕೊಲೆಗೂ ಅಂತೂ ಸಂಬಂಧವೇ ಇಲ್ಲ. ಆದರೆ ಸಿನಿಮಾದವರಿಗೂ ವಿಡಿಯೊದವರಿಗೂ ಇಂಥ ರುಚಿಯಾದ ಪಟ್ಟಿ ಬೇಕು, ಅರವತ್ತು ವರ್ಷದಿಂದ ಅದನ್ನೇ ಬಿಸಿ ಮಾಡಿ ಬಡಿಸುತ್ತಿದ್ದಾರೆ.

ಪ್ರಾಣಿ ಹಿಂಸೆಯನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ಮಗು ಪ್ರಾಣಿಗೆ ಹಿಂಸೆ ಕೊಟ್ಟಿತು ಅಂತ ಯಾರಾದರೂ ಬಂದರೆ ನಾನು ಮೊದಲು ಕೇಳುವುದು 'ನಿಮ್ಮ ಮನೆಯಲ್ಲಿ ಯಾರು ಯಾರಿಗೆ ಹೊಡೆಯುತ್ತಾರೆ?' ಅಂತ. ಹೆಚ್ಚಿನ ಸಲ ಅಲ್ಲೇ ಎಳೆ ಸಿಗುತ್ತದೆ. ತಾನು ಕಂಡದ್ದನ್ನು, ತಾನು ತಿಂದದ್ದನ್ನು ಮಗು ತನಗಿಂತ ಸಣ್ಣದರ ಮೇಲೆ ತೀರಿಸುತ್ತದೆ.

ಈಗ ದೊಡ್ಡ ವಿಷಯಕ್ಕೆ ಬರೋಣ. ಬಾಲ್ಯ ಕೆಟ್ಟರೆ ಮನುಷ್ಯ ಕೊಲೆಗಾರ ಆಗುತ್ತಾನಾ? ಇಲ್ಲಿ ಜನ ಎಡವುವುದು ಎಲ್ಲಿ ಅಂದರೆ, ಕಥೆಯನ್ನು ಕೊನೆಯಿಂದ ಓದುತ್ತಾರೆ. ಕೊಲೆ ಮಾಡಿ ಸಿಕ್ಕಿಬಿದ್ದವನ ಬಾಲ್ಯ ಕೆದಕಿದರೆ ಹೊಡೆತ, ಕುಡುಕ ಅಪ್ಪ, ಬಿಟ್ಟುಹೋದ ಅಮ್ಮ, ಏನೋ ಒಂದು ಸಿಗುತ್ತದೆ. 'ಓ, ಅದಕ್ಕೇ' ಅನ್ನಿಸುತ್ತದೆ. ಅದೇ ಥರ ಬೆಳೆದು ಈಗ ಬಸ್ ಓಡಿಸುತ್ತಿರುವವನ, ಕಿರಾಣಿ ಅಂಗಡಿ ಇಟ್ಟಿರುವವನ ಬಾಲ್ಯವನ್ನು ಯಾರೂ ಕೆದಕುವುದಿಲ್ಲ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿತ್ತು. ಮೂವರಲ್ಲಿ ಇಬ್ಬರು ಏಟು ತಿಂದವರೇ. ಏಟು ತಿಂದವರೆಲ್ಲ ಕೊಲೆಗಾರರಾಗುವುದಿದ್ದರೆ ನಮ್ಮ ಬೀದಿಗಳಲ್ಲಿ ಓಡಾಡಲು ಆಗುತ್ತಿತ್ತೇ?

ಹಾಗಾದರೆ ಹೊಡೆತದಿಂದ ಏನೂ ಆಗಲ್ಲ ಅಂತಲೂ ಅಲ್ಲ. ಕಥೆಯನ್ನು ಮೊದಲಿನಿಂದ ಓದಿದವರೂ ಇದ್ದಾರೆ. ಕ್ಯಾಥಿ ವಿಡಮ್ ಎಂಬ ಅಮೆರಿಕದ ಸಂಶೋಧಕಿ, ಹೊಡೆತ, ಲೈಂಗಿಕ ದೌರ್ಜನ್ಯ ಅಥವಾ ನಿರ್ಲಕ್ಷ್ಯಕ್ಕೆ ಸಿಕ್ಕಿ ಕೋರ್ಟ್ ದಾಖಲೆಗೆ ಬಂದಿದ್ದ 908 ಮಕ್ಕಳನ್ನು ತೆಗೆದುಕೊಂಡರು. ಅದೇ ವಯಸ್ಸಿನ, ಅದೇ ಥರದ ಮನೆಗಳ, ಆದರೆ ಅಂಥ ದಾಖಲೆ ಇಲ್ಲದ 667 ಮಕ್ಕಳನ್ನು ಪಕ್ಕಕ್ಕಿಟ್ಟರು. ಎರಡೂ ಗುಂಪಿನವರು ದೊಡ್ಡವರಾದ ಮೇಲೆ ಪೊಲೀಸ್ ದಾಖಲೆ ನೋಡಿದರು. 1989ರಲ್ಲಿ ಫಲಿತಾಂಶ ಬಂತು. ಹಿಂಸೆಯ ಅಪರಾಧಕ್ಕೆ ಬಂಧನವಾದವರು ಮೊದಲ ಗುಂಪಿನಲ್ಲಿ ನೂರಕ್ಕೆ ಸುಮಾರು 11, ಎರಡನೆಯದರಲ್ಲಿ ಸುಮಾರು 8. ಅಂದರೆ ಅಪಾಯ ಜಾಸ್ತಿ ಆಗುವುದು ನಿಜ. ಆದರೂ ಅಷ್ಟು ಕೆಟ್ಟ ಬಾಲ್ಯ ಕಂಡ ನೂರರಲ್ಲಿ 89 ಮಂದಿ ಅಂಥ ಕೇಸಿಗೆ ಸಿಗಲೇ ಇಲ್ಲ. ಇಲ್ಲಿ ಲೆಕ್ಕಕ್ಕೆ ಬಂದಿರುವುದು ಹೊಡೆದಾಟದಂಥದ್ದೂ ಸೇರಿ ಎಲ್ಲ ಬಗೆಯ ಹಿಂಸೆ. ಕೊಲೆ ಅದರಲ್ಲೊಂದು ಚೂರು. ನನಗೆ ಇನ್ನೊಂದು ಸಂಗತಿ ಮುಖ್ಯ ಅನ್ನಿಸಿತು. ಯಾರೂ ಹೊಡೆಯದೆ, ಯಾರೂ ಕೇಳದೆ, ಸುಮ್ನೆ ಬಿಟ್ಟುಬಿಟ್ಟ ಮಕ್ಕಳಲ್ಲೂ ಹಿಂಸೆ ಜಾಸ್ತಿ ಇತ್ತು. ಕಣ್ಣಿಗೆ ಕಾಣುವ ಬಾಸುಂಡೆ ಇಲ್ಲ ಅಂತ ನಾವು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇನ್ನು ನಿಮ್ಮ ಅತ್ತೆಯವರ 'ರಕ್ತ'. ಕೊಲೆ ಮಾಡಿಸುವ ಜೀನ್ ಅಂತ ಒಂದಿಲ್ಲ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಸಿಟ್ಟು ಬೇಗ ಬರುತ್ತದೆ, ತಡೆದುಕೊಳ್ಳುವ ಶಕ್ತಿ ಕಡಿಮೆ ಇರುತ್ತದೆ. ಅದರಲ್ಲಿ ವಂಶದ ಪಾಲು ಇದೆ, ಸುಳ್ಳು ಹೇಳಲಾರೆ. ಆದರೆ ಆ ಪಾಲು ಹೇಗೆ ಕೆಲಸ ಮಾಡುತ್ತದೆ ನೋಡಿ. ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಇವತ್ತಿನವರೆಗೂ ಗಮನಿಸುತ್ತಾ ಬಂದಿದ್ದಾರೆ. 2002ರಲ್ಲಿ ಅವರು ಆ ಗುಂಪಿನ ಗಂಡಸರಲ್ಲಿ ಎಂಎಒಎ ಎಂಬ ಜೀನನ್ನು ನೋಡಿದರು. ಅದರ ದುರ್ಬಲ ರೂಪ ಇದ್ದು, ಜೊತೆಗೆ ಬಾಲ್ಯದಲ್ಲಿ ಹಿಂಸೆಯನ್ನೂ ಅನುಭವಿಸಿದವರಲ್ಲಿ ಒರಟುತನ ಹೆಚ್ಚಿತ್ತು. ಅದೇ ಜೀನ್ ಇದ್ದು ನೆಟ್ಟಗೆ ಬೆಳೆದವರು ಎಲ್ಲರಂತೆಯೇ ಇದ್ದರು. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 4,269 ಗಂಡುಮಕ್ಕಳ ಮೇಲೆ ನಡೆದ ಅಧ್ಯಯನದ್ದೂ ಇದೇ ಮಾತು. ಹೆರಿಗೆಯಲ್ಲಿ ತೊಂದರೆ ಆಗಿದ್ದು, ಮೊದಲ ವರ್ಷದಲ್ಲಿ ತಾಯಿಯೂ ದೂರ ಮಾಡಿದ್ದ ಮಕ್ಕಳು ಇದ್ದದ್ದು ನೂರಕ್ಕೆ ಐದಕ್ಕಿಂತ ಕಡಿಮೆ. ಆದರೆ 18 ವರ್ಷದೊಳಗೆ ಆ ಇಡೀ ಗುಂಪು ಮಾಡಿದ ಹಿಂಸೆಯ ಅಪರಾಧಗಳಲ್ಲಿ ನೂರಕ್ಕೆ 18 ಇವರವು. ಹೆರಿಗೆಯ ತೊಂದರೆ ಒಂದೇ ಇದ್ದವರಲ್ಲಿ ಹಾಗೆ ಆಗಲಿಲ್ಲ. ಬೀಜ ಒಂದೇ ಏನೂ ಮಾಡಲ್ಲ, ಬಿದ್ದ ಮಣ್ಣೂ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಅತ್ತೆಯವರಿಗೆ ಹೊಲ ಗದ್ದೆ ಗೊತ್ತಿದ್ದರೆ ಈ ಮಾತು ತಟ್ಟನೆ ಅರ್ಥವಾದೀತು.

ಎಲ್ಲ ಕೊಲೆಗಾರರೂ ಒಂದೇ ಥರ ಅಂದುಕೊಳ್ಳುವುದೂ ತಪ್ಪು. 1968ರಲ್ಲಿ ಮುಂಬೈಯಲ್ಲಿ ಸಿಕ್ಕಿಬಿದ್ದ ಸರಣಿ ಕೊಲೆಗಾರ ರಾಮನ್ ರಾಘವ್‌ಗೆ ಇದ್ದದ್ದು ತೀವ್ರ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ. ನಮ್ಮಲ್ಲೇ 2009ರಲ್ಲಿ ಸಿಕ್ಕಿದ ಸಯನೈಡ್ ಮೋಹನ ಶಾಲೆಯ ಮೇಷ್ಟ್ರಾಗಿದ್ದವನು. ಮದುವೆಯ ಆಸೆ ತೋರಿಸಿ ಹೆಣ್ಣುಮಕ್ಕಳನ್ನು ಕೊಂದು ಒಡವೆ ಒಯ್ಯುತ್ತಿದ್ದ. ಒಂದು ಕಾಯಿಲೆ, ಇನ್ನೊಂದು ತಣ್ಣನೆಯ ದುರಾಸೆ. ಇವು ಸುದ್ದಿಯಾಗುವುದು ಅಪರೂಪ ಅನ್ನುವ ಕಾರಣಕ್ಕೇ. 2022ರಲ್ಲಿ ದೇಶದಲ್ಲಿ 28,522 ಕೊಲೆ ಕೇಸು ದಾಖಲಾದವು. ಕಾರಣಗಳ ಪಟ್ಟಿಯಲ್ಲಿ ಮೊದಲಿಗೆ ನಿಲ್ಲುವುದು ಜಗಳ, ತಕರಾರು. ನಿಮ್ಮ ಭಾವ ಮಾಡಿದ್ದೂ ಅದೇ ಜಾತಿಯದು. ಕುಡಿತ, ಅನುಮಾನ, ಮತ್ತು ಸಿಟ್ಟು ಬಂದರೆ ಕೈ ಎತ್ತಬಹುದು ಅನ್ನುವ ಅಭ್ಯಾಸ. ಹುಡುಗ ಅಪ್ಪನಿಂದ ಏನಾದರೂ ಪಡೆದಿದ್ದರೆ ಆ ಕೊನೆಯದನ್ನು. ಅದು ಕಣ್ಣಾರೆ ನೋಡಿ ಕಲಿತ ಪಾಠ. ಕಲಿತದ್ದನ್ನು ಬಿಡಿಸಬಹುದು.

ನನ್ನದೇ ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷ ನಾನು ಜೈಲಿನಲ್ಲಿರುವವರ ಮಾನಸಿಕ ಆರೋಗ್ಯ ನೋಡಲು ಹೋಗುತ್ತಿದ್ದೆ. ಕೊಲೆ ಕೇಸಿನಲ್ಲಿದ್ದವರಿಗೆ ಒಂದು ಪ್ರಶ್ನೆ ತಪ್ಪದೆ ಕೇಳುತ್ತಿದ್ದೆ: 'ಚಿಕ್ಕವರಿದ್ದಾಗ ಜ್ವರ ಬಂದರೆ ಯಾರು ಪಕ್ಕದಲ್ಲಿ ಕೂರುತ್ತಿದ್ದರು?' ಹೊಡೆತದ ಬಗ್ಗೆ ಕೇಳಿದರೆ ಪಟಪಟ ಹೇಳುತ್ತಿದ್ದವರು ಈ ಪ್ರಶ್ನೆಗೆ ಸುಮ್ಮನಾಗುತ್ತಿದ್ದರು. ಒಬ್ಬಾತ ತುಂಬಾ ಹೊತ್ತು ಯೋಚಿಸಿ 'ನಾಯಿ' ಅಂದ. ತಮಾಷೆಗೆ ಹೇಳಿದ್ದಲ್ಲ. ಜಗಲಿಯ ಮೇಲೆ ಮಲಗಿಸುತ್ತಿದ್ದರಂತೆ, ಬೀದಿ ನಾಯಿ ಬಂದು ಕಾಲ ಹತ್ತಿರ ಮಲಗುತ್ತಿತ್ತಂತೆ. ಅದೇ ಪ್ರಶ್ನೆಯನ್ನು ನನ್ನ ಕ್ಲಿನಿಕ್ಕಿಗೆ ತಲೆನೋವು ಅಂತ ಬರುತ್ತಿದ್ದ ಒಬ್ಬ ಬಸ್ ಕಂಡಕ್ಟರಿಗೂ ಕೇಳಿದ್ದೆ. ಅವರ ಅಪ್ಪ ಬಾರುಕೋಲಿನಲ್ಲಿ ಹೊಡೆಯುತ್ತಿದ್ದವರು, ಅಮ್ಮ ಬಾವಿಗೆ ಬಿದ್ದವರು. ಬಾಲ್ಯದಲ್ಲಿ ಜೈಲಿನವರಿಗಿಂತ ಕಡಿಮೆ ಏನಲ್ಲ. ಆದರೆ ಉತ್ತರಕ್ಕೆ ತಡವಾಗಲಿಲ್ಲ. 'ಓಣಿ ಕೊನೆಯ ಮನೆ ಬೂಬಮ್ಮ. ಗಂಜಿ ಮಾಡಿಕೊಡೋರು. ಸ್ಲೇಟು ಬಳಪ ಕೊಡಿಸಿದ್ದೂ ಅವರೇ.' ಮೂರು ಮಕ್ಕಳ ತಂದೆ, ಮನೆಯಲ್ಲಿ ಯಾರ ಮೇಲೂ ಕೈ ಎತ್ತಿದವರಲ್ಲ.

ಇದು ಒಂದೆರಡು ಜನರ ಕಥೆ ಮಾತ್ರ ಅಂತ ನೀವು ಅನ್ನಬಹುದು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಜೊತೆಯವರು ದಶಕಗಟ್ಟಲೆ ಗಮನಿಸಿದರು. ಬಡತನ, ಕುಡಿತ, ಮನೆಯಲ್ಲಿ ದಿನಾ ಜಗಳ, ಎಲ್ಲವೂ ಒಟ್ಟಿಗಿದ್ದ ಮಕ್ಕಳಲ್ಲಿ ಮೂರನೇ ಒಂದು ಪಾಲು ಯಾವ ತೊಂದರೆಯೂ ಇಲ್ಲದೆ ಒಳ್ಳೆಯ ಮನುಷ್ಯರಾಗಿ ಬೆಳೆದರು. ಅವರನ್ನು ಕಾಪಾಡಿದ್ದು ಏನು ಅಂತ ಹುಡುಕಿದಾಗ ಮತ್ತೆ ಮತ್ತೆ ಸಿಕ್ಕಿದ್ದು, ಕೈಬಿಡದ ಒಬ್ಬ ದೊಡ್ಡವರು. ಅಜ್ಜಿಯೋ, ಚಿಕ್ಕಮ್ಮನೋ, ಟೀಚರೋ. ಈ ಹುಡುಗನಿಗೆ ಆ ಜಾಗದಲ್ಲಿ ಈಗ ಇರುವುದು ನೀವು.

ಕೊಲೆಯನ್ನೇ ಮಾಡಿದ ಮಗುವಿನ ಕಥೆಯೂ ಒಂದಿದೆ. 1968ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಮೇರಿ ಬೆಲ್ ಎಂಬ ಹುಡುಗಿ ಎರಡು ತಿಂಗಳ ಅಂತರದಲ್ಲಿ ಇಬ್ಬರು ಪುಟ್ಟ ಹುಡುಗರ ಕುತ್ತಿಗೆ ಹಿಸುಕಿ ಕೊಂದಳು. ಒಂದು ಮಗುವಿಗೆ ನಾಲ್ಕು, ಇನ್ನೊಂದಕ್ಕೆ ಮೂರು ವರ್ಷ. ಮೊದಲ ಕೊಲೆಯ ಮಾರನೆಯ ದಿನ ಅವಳಿಗೆ ಹನ್ನೊಂದು ತುಂಬಿತು. ಹುಟ್ಟಿನಿಂದಲೇ ಕೆಟ್ಟವಳು ಅಂತ ಊರು ಮಾತಾಡಿತು. ಅವಳ ಮನೆಯ ಒಳಗಿನ ಕಥೆ ನಿಧಾನವಾಗಿ ಹೊರಬಂತು. ತಾಯಿ ಮೈಮಾರಿಕೊಂಡು ಬದುಕುತ್ತಿದ್ದವಳು. ಮಗಳನ್ನು ಕೂಸಾಗಿದ್ದಾಗಿನಿಂದಲೂ ಬೇರೆಯವರಿಗೆ ಕೊಟ್ಟುಬಿಡಲು ನೋಡುತ್ತಿದ್ದಳು. ಮಗು ಮಾತ್ರೆ ನುಂಗಿ ಸಾಯುವ ಸ್ಥಿತಿಗೆ ಹೋದದ್ದನ್ನು ಬಂಧುಗಳೇ ಹೇಳಿದ್ದಾರೆ. ಗಿರಾಕಿಗಳಿಂದ ತನ್ನ ಮೇಲೆ ನಡೆದದ್ದನ್ನು ಮೇರಿ ದೊಡ್ಡವಳಾದ ಮೇಲೆ ಹೇಳಿಕೊಂಡಳು. ಆ ಇಬ್ಬರು ಮಕ್ಕಳ ಅಪ್ಪ ಅಮ್ಮಂದಿರ ಸಂಕಟಕ್ಕೆ ಇದು ಸಮಾಧಾನ ಅಲ್ಲ. ಕಾರಣ ಹುಡುಕುವುದು ಬೇರೆ, ತಪ್ಪನ್ನು ಮನ್ನಿಸುವುದು ಬೇರೆ. ನಮ್ಮ ಸುಪ್ರೀಂ ಕೋರ್ಟ್ ಕೂಡ 2022ರ ಒಂದು ತೀರ್ಪಿನಲ್ಲಿ, ಗಲ್ಲು ಶಿಕ್ಷೆ ಕೊಡುವ ಮೊದಲು ಆರೋಪಿ ಬೆಳೆದ ಮನೆಯ ಹಿನ್ನೆಲೆಯನ್ನೂ ನೋಡಬೇಕು ಅಂದಿತು. ಹಾಗಂತ ಅಪರಾಧ ಇಲ್ಲವಾಗಲಿಲ್ಲ.

ಮೇರಿಯ ಕಥೆಯನ್ನು ಜನ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮುಂದಿನದ್ದು ಮುಖ್ಯ. ಕೋರ್ಟು ಅದನ್ನು ಪೂರ್ಣ ಪ್ರಮಾಣದ ಕೊಲೆ ಅನ್ನಲಿಲ್ಲ, ಮನಸ್ಸಿನ ಸ್ಥಿತಿ ನೋಡಿ ಆರೋಪವನ್ನು ಇಳಿಸಿತು. ಮೊದಲ ಕೆಲವು ವರ್ಷ ಅವಳನ್ನು ಇಟ್ಟದ್ದು ಮಕ್ಕಳ ಒಂದು ಭದ್ರ ಕೇಂದ್ರದಲ್ಲಿ. ಅಲ್ಲಿನ ಮುಖ್ಯಸ್ಥರು ಕಟ್ಟುನಿಟ್ಟಿನವರು, ಆದರೆ ಹೇಳಿದ ಮಾತಿಗೆ ತಪ್ಪದವರು. ಅಂಥ ದೊಡ್ಡವರನ್ನು ಅವಳು ಜೀವನದಲ್ಲಿ ಮೊದಲ ಸಲ ನೋಡಿದ್ದು. 1980ರಲ್ಲಿ, 23ನೇ ವಯಸ್ಸಿಗೆ, ಹೊಸ ಹೆಸರು ಕೊಟ್ಟು ಬಿಟ್ಟರು. ಅವಳಿಗೆ ಮಗಳು ಹುಟ್ಟಿದಳು, ಅವಳೇ ಸಾಕಿದಳು. 2003ರಲ್ಲಿ ತಾಯಿ ಮಗಳ ಗುರುತನ್ನು ಜೀವನಪೂರ್ತಿ ಗುಟ್ಟಾಗಿಡಬೇಕು ಅಂತ ಅಲ್ಲಿನ ಹೈಕೋರ್ಟ್ ಆದೇಶ ಮಾಡಿತು. ಇಬ್ಬರನ್ನು ಕೊಂದ ಮಗುವಿಗೂ ದಾರಿ ಪೂರ್ತಿ ಮುಚ್ಚಿರಲಿಲ್ಲ. ನಿಮ್ಮ ಹುಡುಗ ನಿಂತಿರುವುದು ಅದಕ್ಕಿಂತ ಎಷ್ಟೋ ಈಚೆಗೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ನಮ್ಮವರು ಹೇಳುತ್ತಾರೆ. ಆ ಗಾದೆಯನ್ನು ಹೊಡೆಯಲು ನೆಪ ಮಾಡಿಕೊಂಡವರೇ ಜಾಸ್ತಿ.

ಈಗ ಹುಡುಗನ ವಿಷಯ. ಐದು ವರ್ಷದ ಮಗು ಅಮ್ಮ ಸಾಯುವುದನ್ನು ಕೇಳಿಸಿಕೊಂಡು, ಪ್ರಾಯಶಃ ನೋಡಿಕೊಂಡು, ಉಸಿರು ಬಿಗಿಹಿಡಿದು ಕೂತಿತ್ತು. ಅಂಥ ರಾತ್ರಿಯ ನಂತರ ಮೆದುಳಿನ ಅಪಾಯದ ಗಂಟೆ ಆಫ್ ಆಗುವುದೇ ಇಲ್ಲ. ಕುಕ್ಕರ್ ಸೀಟಿ ಆ ಗಂಟೆಯನ್ನು ಬಾರಿಸುತ್ತದೆ. ನಿದ್ದೆಯಲ್ಲಿ ಹಾಸಿಗೆ ಒದ್ದೆಯಾಗುತ್ತದೆ. ಹೊಡೆತದ ಮನೆಯಲ್ಲಿ ಬೆಳೆದ ಮಕ್ಕಳು ಎದುರಿನವರ ಮುಖದಲ್ಲಿ ಸಿಟ್ಟನ್ನು ಬೇರೆ ಮಕ್ಕಳಿಗಿಂತ ಬೇಗ ಗುರುತಿಸುತ್ತಾರೆ, ಇಲ್ಲದ ಕಡೆಯೂ ಕಾಣುತ್ತಾರೆ. ಅಲ್ಲಿ ಬದುಕಿ ಉಳಿಯಲು ಅದು ಬೇಕಿತ್ತು. ಶಾಲೆಯಲ್ಲಿ ಅದೇ ಕಷ್ಟ ತರುತ್ತದೆ. ಕಂಪಾಸಿನಿಂದ ಚುಚ್ಚಿದ ದಿನ ಆ ಇನ್ನೊಬ್ಬ ಹುಡುಗ ಏನು ಅಂದಿದ್ದ ಅಂತ ಯಾರಾದರೂ ಕೇಳಿದಿರಾ? ನಿಮ್ಮಪ್ಪ ಜೈಲಲ್ಲಿದ್ದಾನಲ್ಲ ಅಂತ ಅಂದಿರಬಹುದು. ಕೇಳಿ ನೋಡಿ. ಚುಚ್ಚಿದ್ದು ಸರಿ ಅಂತಲ್ಲ, ಎಲ್ಲಿಂದ ಬಂತು ಅಂತ ಗೊತ್ತಾಗಬೇಕು.

ನನಗೆ ನಿಜವಾಗಿ ಚಿಂತೆ ಹುಟ್ಟಿಸುವ ಮಕ್ಕಳು ಬೇರೆ ಥರ. ಯೋಚನೆ ಮಾಡಿ, ಯಾರೂ ಇಲ್ಲದ ಹೊತ್ತು ನೋಡಿ, ಪದೇ ಪದೇ ಹಿಂಸೆ ಕೊಡುತ್ತಾರೆ. ಅದು ಅವರಿಗೆ ಮಜಾ. ಸಿಕ್ಕಿಬಿದ್ದರೆ ಮುಖದಲ್ಲಿ ಏನೂ ಕಾಣುವುದಿಲ್ಲ. ಹೆದರಿಕೆಯೂ ಇಲ್ಲ, ನಾಚಿಕೆಯೂ ಇಲ್ಲ. ಅಂಥವರು ಕಡಿಮೆ. ಅವರಲ್ಲೂ ಶಿಕ್ಷೆ ಕೆಲಸ ಮಾಡುವುದಿಲ್ಲ, ಬಹುಮಾನ ಮತ್ತು ಬೆಚ್ಚಗಿನ ಒಡನಾಟ ಸ್ವಲ್ಪ ಕೆಲಸ ಮಾಡುತ್ತದೆ. ನಿಮ್ಮ ಹುಡುಗ ಬೆಕ್ಕಿನ ಮರಿಯನ್ನು ತಾನೇ ಹೂತಿದ್ದಾನೆ. ಮೇಲೆ ಕಲ್ಲಿಟ್ಟಿದ್ದಾನೆ. ನೀವು ಅದನ್ನು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಾನು ನಿಂತದ್ದು ಆ ಸಾಲಿನಲ್ಲಿ. ಪಾಪ ಅನ್ನಿಸದವನು ಕಲ್ಲಿಡುವುದಿಲ್ಲ.

ನಿಮ್ಮ ಯಜಮಾನರ ಬೆಲ್ಟಿನ ಬಗ್ಗೆ ಮೆತ್ತಗೆ ಹೇಳಲು ನನಗೆ ಬರುತ್ತಿಲ್ಲ. ಅದು ಇವತ್ತೇ ನಿಲ್ಲಬೇಕು. ಅವರು ಕೆಟ್ಟವರು ಅಂತ ನಾನು ಅಂದುಕೊಂಡಿಲ್ಲ. ಕೊಲೆಯಾದ ನಿಮ್ಮ ಅಕ್ಕನ ಮಗನನ್ನು ನಾಲ್ಕು ವರ್ಷ ಮನೆಯಲ್ಲಿಟ್ಟು ಸಾಕಿದ್ದಾರೆ, ಎಷ್ಟು ಜನ ಮಾಡುತ್ತಾರೆ? ಅವರಿಗೂ ಹೆದರಿಕೆ. ಆದರೆ ಲೆಕ್ಕ ನೋಡಿ. ಸಿಟ್ಟು ಬಂದ ಗಂಡಸು ತನಗಿಂತ ಸಣ್ಣವರನ್ನು ಹೊಡೆಯಬಹುದು ಅನ್ನುವ ಪಾಠವನ್ನು ನಿಮ್ಮ ಭಾವ ಶುರು ಮಾಡಿದ. ಅದನ್ನು ಮರೆಸಬೇಕಾದ ಮನೆಯಲ್ಲಿ ಅದೇ ಪಾಠ ಮುಂದುವರಿದಿದೆ. ಅವರಿಗೆ ಈ ಪತ್ರ ಓದಿಸಿ. ಇಲ್ಲ, ಡಾಕ್ಟರ ಹತ್ತಿರ ಅವರನ್ನೂ ಕರೆದುಕೊಂಡು ಹೋಗಿ. ಹೊರಗಿನವರು ಹೇಳಿದರೆ ಎಷ್ಟೋ ಗಂಡಸರು ಕೇಳುತ್ತಾರೆ. ಅತ್ತೆಯವರ 'ಕೊಲೆಗಾರನ ರಕ್ತ' ಅನ್ನುವ ಮಾತೂ ನಿಲ್ಲಬೇಕು. ನೀನು ಇಂಥವನೇ ಅಂತ ದಿನಾ ಕೇಳಿಸಿಕೊಂಡ ಮಗು ಒಂದು ದಿನ ಅದನ್ನು ಒಪ್ಪಿಕೊಳ್ಳುತ್ತದೆ.

ಹೊಡೆಯದಿದ್ದರೆ ಮತ್ತೇನು? ತಪ್ಪು ಮಾಡಿದಾಗ ಸಣ್ಣ, ನಿಶ್ಚಿತ ಪರಿಣಾಮ ಇರಲಿ. ಇವತ್ತು ಟಿವಿ ಇಲ್ಲ ಅಂದರೆ ಇಲ್ಲ, ಅಷ್ಟೇ. ನಾಳೆಗೆ ಎಳೆಯಬೇಡಿ. ಸಿಟ್ಟು ಏರುವ ಮೊದಲೇ ಎದ್ದು ಹೋಗಿ ಕೂರಲು ಅವನಿಗೊಂದು ಜಾಗ ಕೊಡಿ, ಅದು ಶಿಕ್ಷೆಯ ಮೂಲೆ ಆಗಬಾರದು. ದಿನಾ ಹದಿನೈದು ನಿಮಿಷ ಅವನೊಬ್ಬನ ಜೊತೆ ಕೂತು ಅವನು ಹೇಳಿದ ಆಟ ಆಡಿ. ಕೇಳಲು ಸಪ್ಪೆ ಅನ್ನಿಸುತ್ತದೆ, ಆದರೆ ಇದು ನಿಜವಾಗಿ ಕೆಲಸ ಮಾಡುವ ವಿಧಾನ. ಮೊದಲ ಎರಡು ಮೂರು ವಾರ ಅವನ ಹಟ ಇನ್ನೂ ಜಾಸ್ತಿ ಆಗಬಹುದು. ನೀವು ನಿಜವಾಗಿಯೂ ಕೈಬಿಡುವುದಿಲ್ಲವಾ ಅಂತ ಪರೀಕ್ಷೆ ಮಾಡುತ್ತಾನೆ. ಅಲ್ಲಿ ಬಹಳ ಮನೆಗಳು ಸೋತು ಬೆಲ್ಟಿಗೆ ವಾಪಸ್ ಹೋಗುತ್ತವೆ.

ಹಾಸ್ಟೆಲಿಗೆ ಈಗ ನಾನು ಬೇಡ ಅನ್ನುತ್ತೇನೆ. ಅಮ್ಮ ಹೋದಳು, ಅಪ್ಪ ಹೋದ, ಈಗ ಚಿಕ್ಕಮ್ಮನೂ ಕಳಿಸಿದಳು ಅನ್ನುವುದಷ್ಟೇ ಅವನಿಗೆ ಅರ್ಥವಾಗುತ್ತದೆ. ಹಾಸಿಗೆ ಒದ್ದೆ ಮಾಡುವ ಒಂಬತ್ತು ವರ್ಷದವನನ್ನು ಹಾಸ್ಟೆಲಿನ ದೊಡ್ಡ ಹುಡುಗರು ಏನು ಮಾಡುತ್ತಾರೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಆದರೆ ಬೆಲ್ಟ್ ನಿಲ್ಲುವುದೇ ಇಲ್ಲ ಅನ್ನುವ ಸ್ಥಿತಿ ಇದ್ದರೆ, ಅಥವಾ ನಿಮ್ಮ ಮಗಳಿಗೆ ನಿಜವಾದ ಅಪಾಯ ಕಂಡರೆ, ಬೇರೆ ಕಡೆ ಇರುವುದೇ ಅವನಿಗೂ ಒಳ್ಳೆಯದು. ಆಗಲೂ ಮೊದಲು ನಿಮ್ಮ ತಾಯಿಯ ಮನೆಯಂಥ ಜಾಗ ನೋಡಿ. ಅದೂ ಆಗದಿದ್ದರೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಹೋಗಿ, ನಿಮಗೆ ನೀವೇ ಎಲ್ಲೋ ಸೇರಿಸಬೇಡಿ. ವಾರ ವಾರ ಹೋಗಿ ನೋಡಿಬನ್ನಿ.

ಮಗಳ ವಿಷಯದಲ್ಲಿ ನಿಮ್ಮ ಭಯ ಅತಿ ಅಲ್ಲ. ಮೂರು ವರ್ಷದ ಮಗುವನ್ನು ಯಾವ ಒಂಬತ್ತು ವರ್ಷದವನ ಜೊತೆಗೂ ಗಂಟೆಗಟ್ಟಲೆ ಒಂಟಿಯಾಗಿ ಬಿಡಬಾರದು, ಇವನ ಜೊತೆ ಸದ್ಯಕ್ಕೆ ಹತ್ತು ನಿಮಿಷವೂ ಬೇಡ. ಮಲಗುವುದು ಬೇರೆ ಬೇರೆ, ಆಟ ನಿಮ್ಮ ಕಣ್ಣೆದುರು. ಮನೆಗೆ ಹೊಸ ಪ್ರಾಣಿ ತರಬೇಡಿ. ಇದನ್ನೆಲ್ಲ ಅವನಿಗೆ ಗೊತ್ತಾಗದಂತೆ ಸಹಜವಾಗಿ ಮಾಡಿ. 'ತಂಗಿಯ ಹತ್ತಿರ ಹೋಗಬೇಡ' ಅಂತ ಗದರಿದರೆ ಅತ್ತೆಯವರ ಮಾತನ್ನು ನೀವೂ ಹೇಳಿದ ಹಾಗೆ.

ಔಷಧಿಯ ಬಗ್ಗೆ. ಕೊಲೆಗಾರ ಆಗದ ಹಾಗೆ ಮಾಡುವ ಮಾತ್ರೆ ಇಲ್ಲ. ನಿದ್ದೆ, ಭಯ, ಚಂಚಲತೆ ವಿಪರೀತ ಇದ್ದರೆ ಔಷಧಿ ಸಹಾಯ ಮಾಡುತ್ತದೆ. ಸಿಟ್ಟು ಹಿಡಿತಕ್ಕೇ ಸಿಗದಿದ್ದರೆ ಸ್ವಲ್ಪ ಕಾಲ ರಿಸ್ಪೆರಿಡೋನ್‌ನಂಥದ್ದನ್ನು ಕೊಡುವುದುಂಟು. ತೂಕ ಏರುತ್ತದೆ, ಮಂಪರು ಬರುತ್ತದೆ, ಆಗಾಗ ರಕ್ತ ಪರೀಕ್ಷೆ ಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ವಸ್ತು ಅಲ್ಲ. ಇವನಿಗೆ ಮುಖ್ಯವಾಗಿ ಬೇಕಾದದ್ದು ಆ ರಾತ್ರಿಯನ್ನು ಸ್ವಲ್ಪ ಸ್ವಲ್ಪವಾಗಿ ಹೊರಗೆ ಹಾಕಿಸುವ, ಆಟ ಮತ್ತು ಮಾತಿನ ಚಿಕಿತ್ಸೆ. ವಾರಕ್ಕೊಮ್ಮೆ, ಕೆಲವು ತಿಂಗಳು. ಹಾಸಿಗೆ ಒದ್ದೆಯಾಗುವುದಕ್ಕೆ ಮೊದಲು ಮೂತ್ರ ಪರೀಕ್ಷೆ ಮಾಡಿಸಿ, ಮಲಬದ್ಧತೆ ಇದೆಯಾ ನೋಡಿಸಿ. ಬೈಯದೆ ಹಾಸಿಗೆಗೆ ಪ್ಲಾಸ್ಟಿಕ್ ಶೀಟ್ ಹಾಕಿ.

ಎಲ್ಲಿಗೆ ಹೋಗುವುದು? ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, ಅಲ್ಲಿಂದ ಶುರು ಮಾಡಿ. ನಿಮಗೆ ಹತ್ತಿರ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್. ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗ ಇದೆ. ರಾತ್ರಿ ಮಾತಾಡಲು ಯಾರಾದರೂ ಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಕ್ಕಳ ಸಹಾಯವಾಣಿ 1098. ಖರ್ಚಿನ ಚಿಂತೆ ಇದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ. ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ಇಂಥ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ, ಆದಾಯದ ಮಿತಿ ಇದೆ.

ಒಂದು ವಿಷಯ ನೀವು ಬರೆದೇ ಇಲ್ಲ. ಅಮ್ಮ ಹೇಗೆ ಸತ್ತಳು ಅಂತ ಅವನಿಗೆ ಏನು ಹೇಳಿದ್ದೀರಿ? ಬಹುಶಃ ಏನೂ ಹೇಳಿಲ್ಲ, ಮನೆಯಲ್ಲಿ ಅದರ ಮಾತೇ ಇಲ್ಲ. ಆದರೆ ಅವನು ಅಲ್ಲೇ ಇದ್ದ. ಅಕ್ಕಿ ಡಬ್ಬದ ಹಿಂದೆ ಕೂತ ಮಗು ಸಾಮಾನ್ಯವಾಗಿ ಅಂದುಕೊಳ್ಳುವುದು ಒಂದೇ: ನಾನು ಎದ್ದು ಹೋಗಿದ್ದರೆ ಅಮ್ಮ ಬದುಕುತ್ತಿದ್ದಳು. ಡಾಕ್ಟರ ಜೊತೆ ಮಾತಾಡಿಕೊಂಡು, ಅವರಿರುವಾಗಲೇ ಆದರೂ ಸರಿ, ಸಣ್ಣ ಮಾತಿನಲ್ಲಿ ಹೇಳಿ. 'ನಿಮ್ಮಪ್ಪ ಅಮ್ಮನಿಗೆ ಹೊಡೆದರು, ಅಮ್ಮ ಸತ್ತುಹೋದಳು. ಅದು ದೊಡ್ಡ ತಪ್ಪು. ಅದಕ್ಕೇ ಜೈಲಿನಲ್ಲಿದ್ದಾರೆ. ನೀನು ಚಿಕ್ಕವನು, ನೀನು ಏನೂ ಮಾಡಲು ಆಗುತ್ತಿರಲಿಲ್ಲ. ಬಚ್ಚಿಟ್ಟುಕೊಂಡದ್ದೇ ಒಳ್ಳೆಯದಾಯಿತು.' ಹೇಳಿದ ಮೇಲೆ ಕೆಲವು ದಿನ ಕೆಟ್ಟ ಕನಸು ಜಾಸ್ತಿ ಆಗಬಹುದು, ಅದಕ್ಕೇ ಒಂಟಿಯಾಗಿ ಮಾಡಬೇಡಿ ಅಂದೆ. ಜೈಲಿಗೆ ಅಪ್ಪನನ್ನು ನೋಡಲು ಕರೆದುಕೊಂಡು ಹೋಗುವ ಆತುರ ಬೇಡ. ಅವನೇ ಕೇಳುವ ದಿನ ನೋಡೋಣ.

ಮತ್ತೆ ನೀವು. ಸತ್ತದ್ದು ನಿಮ್ಮ ಅಕ್ಕ. ಇಡೀ ಪತ್ರದಲ್ಲಿ ಅಕ್ಕನ ಬಗ್ಗೆ ಎರಡೇ ಮಾತು ಇವೆ. ಹುಡುಗನ ಮುಖದಲ್ಲಿ ಭಾವ ಕಂಡು ಕೈ ಹಿಂದೆ ಸರಿದ ದಿನಗಳೂ ಇದ್ದಾವು. ಇದ್ದರೆ ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಡಾಕ್ಟರ ಹತ್ತಿರ ಹೋದಾಗ ನಿಮಗೂ ಅರ್ಧ ಗಂಟೆ ಕೇಳಿ ಪಡೆಯಿರಿ.

ಆಸ್ಪತ್ರೆಗೆ ಹೊರಡುವ ಮೊದಲು ಒಂದು ಸಂಜೆ ಅವನ ಜೊತೆ ಹಿತ್ತಲಿಗೆ ಹೋಗಿ. ಬಾಳೆಗಿಡದ ಹತ್ತಿರ ಕೂತುಕೊಳ್ಳಿ. ಯಾಕೆ ಹಾಗೆ ಮಾಡಿದೆ ಅಂತ ಮಾತ್ರ ಕೇಳಬೇಡಿ, ಆ ಪ್ರಶ್ನೆಗೆ ಅವನ ಹತ್ತಿರ ಉತ್ತರ ಇಲ್ಲ. ಆ ಕಲ್ಲನ್ನು ಎಲ್ಲಿಂದ ತಂದೆ ಅಂತ ಕೇಳಿ.